ಅಧಿಕಾರ ಬಿಟ್ಟು ಧರ್ಮದ ಕೆಲಸಕ್ಕೆ ಇಳಿಯುವವರಿಗೆ: ಜತ್ತಿಯವರನ್ನು ನೋಡಿ ಕಲಿಯಬೇಕಾದ್ದು, ಕಾಗದದಲ್ಲಿ ಮಾಡಿಕೊಳ್ಳಬೇಕಾದ್ದು

ಪ್ರತಿ ಚುನಾವಣೆ ಮುಗಿದ ಮೇಲೆ ಒಂದಿಬ್ಬರಾದರೂ ನಮ್ಮ ಕಚೇರಿಗೆ ಬರುತ್ತಾರೆ. ಸೋತವರು ಬರುತ್ತಾರೆ, ಇನ್ನು ನಿಲ್ಲುವುದಿಲ್ಲ ಅಂತ ತೀರ್ಮಾನ ಮಾಡಿದವರೂ ಬರುತ್ತಾರೆ. ತಾಲೂಕು ಪಂಚಾಯಿತಿ ಅಧ್ಯಕ್ಷರಾಗಿದ್ದವರು, ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು, ಒಮ್ಮೊಮ್ಮೆ ಮಾಜಿ ಶಾಸಕರು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು: "ರಾಜಕೀಯ ಸಾಕಾತ್ರೀ. ಇನ್ನ ಸ್ವಲ್ಪ ಧರ್ಮದ ಕೆಲಸ ಮಾಡಬೇಕು. ಒಂದು ಸಂಸ್ಥೆ ಮಾಡಿಕೊಡ್ರಿ."

ನಾನು ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಸಂಘ, ಟ್ರಸ್ಟುಗಳ ಕಾಗದಪತ್ರ ನೋಡಿಕೊಳ್ಳುವವನು. ಬಾಗಲಕೋಟೆ ಜಿಲ್ಲೆಯಲ್ಲಿ ಈ ಕೆಲಸ ಮಾಡುತ್ತಲೇ ತಲೆ ಬೆಳ್ಳಗಾಗಿದೆ. ಹೀಗೆ ಬರುವವರ ಆಸೆ ನಿಜವಾದದ್ದು ಅಂತ ನನಗೆ ಗೊತ್ತು. ಊರಿನ ಜನರ ಪರಿಚಯ ಅವರಿಗಿರುತ್ತದೆ. ಸರ್ಕಾರಿ ಕಚೇರಿಗಳ ಒಳಹೊರಗು ಗೊತ್ತಿರುತ್ತದೆ. ನಾಲ್ಕು ಜನರ ಹತ್ತಿರ ಹೋಗಿ ದುಡ್ಡು ಕೇಳುವ ಧೈರ್ಯವೂ ಇರುತ್ತದೆ. ಇಂಥವರು ದಾಸೋಹಕ್ಕೋ ವಿದ್ಯಾರ್ಥಿ ನಿಲಯಕ್ಕೋ ಕೈ ಹಾಕಿದರೆ ಊರಿಗೆ ಒಳ್ಳೆಯದೇ. ಆದರೆ ಎಷ್ಟೋ ಸಂಸ್ಥೆಗಳು ಕಟ್ಟಿದವರ ಜೊತೆಗೇ ಮುಗಿದುಹೋಗುತ್ತವೆ. ಹಾಗಾಗಬಾರದು ಅಂದರೆ ಏನು ಮಾಡಬೇಕು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಂದವರಿಗೆ ನಾನು ಮೊದಲು ಹೇಳುವುದು ಬಿ.ಡಿ. ಜತ್ತಿಯವರ ಕಥೆ. ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯವರು. 1912ರ ಸೆಪ್ಟೆಂಬರ್ 10ರಂದು ಹುಟ್ಟಿದರು. ಉಪರಾಷ್ಟ್ರಪತಿ ಆಗಿದ್ದರು, ಹಂಗಾಮಿ ರಾಷ್ಟ್ರಪತಿ ಆಗಿದ್ದರು ಅನ್ನುವುದು ಎಲ್ಲರಿಗೂ ಗೊತ್ತು. ನಾನು ಹೇಳುವುದು ಅದನ್ನಲ್ಲ. ಅವರು ಎಷ್ಟು ಸಲ ಮೇಲಿನ ಕುರ್ಚಿಯಿಂದ ಇಳಿದು ಕೆಳಗೆ ಕೂತು ಕೆಲಸ ಮಾಡಿದರು ಅನ್ನುವುದನ್ನು.

ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು. 1940ರಲ್ಲಿ ಪುರಸಭೆ ಸದಸ್ಯರಾದರು, ಮುಂದೆ ಅದರ ಅಧ್ಯಕ್ಷರಾದರು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಅಲ್ಲಿ ಮಂತ್ರಿಯಾಗಿ, ಕೊನೆಗೆ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಖ್ಯಮಂತ್ರಿಯ ಕುರ್ಚಿಯೇ ಇಲ್ಲದಂತಾಯಿತು. ಅವರು ಮತ್ತೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋದರು. ಸುಮಾರು 20 ತಿಂಗಳು ವಕೀಲಿ ಮಾಡಿದರು. ಆಮೇಲೆ ಮುಂಬಯಿ ವಿಧಾನಸಭೆಗೆ ಹೋಗಿ ಅಲ್ಲಿನ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆ ಆದ ಮೇಲೆ ಉಪಮಂತ್ರಿ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾದಾಗ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಬಂತು, ಅವರೂ ಬಂದರು. ಗೇಣಿ ಮತ್ತು ಭೂಸುಧಾರಣೆ ಬಗ್ಗೆ ನೇಮಿಸಿದ ಸಮಿತಿಗೆ ಅಧ್ಯಕ್ಷರಾದರು. 1961ರ ಭೂಸುಧಾರಣೆ ಕಾಯ್ದೆಗೆ ತಳಪಾಯ ಹಾಕಿದ್ದು ಅದೇ ಜತ್ತಿ ಸಮಿತಿ.

1958ರ ಮೇ ತಿಂಗಳಿಂದ 1962ರ ಮಾರ್ಚ್ ತನಕ ಮೈಸೂರು ರಾಜ್ಯದ ಮುಖ್ಯಮಂತ್ರಿ. ಆಮೇಲೆ ಎಸ್.ಆರ್. ಕಂಠಿಯವರು ಕೆಲವೇ ತಿಂಗಳು ಮುಖ್ಯಮಂತ್ರಿಯಾಗಿದ್ದರು, ನಂತರ ಎಸ್. ನಿಜಲಿಂಗಪ್ಪನವರು ಮತ್ತೆ ಬಂದರು. ಆ ನಿಜಲಿಂಗಪ್ಪನವರ ಸಂಪುಟದಲ್ಲೇ ಜತ್ತಿಯವರು ಹಣಕಾಸು ಮಂತ್ರಿಯಾಗಿ ಕೂತರು. ನಿನ್ನೆ ತನಕ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಇವತ್ತು ಅದೇ ಮೇಜಿನ ಬದಿಯಲ್ಲಿ ಕೂರುವುದು ಸಣ್ಣ ಮಾತಲ್ಲ. ಧರ್ಮದ ಸಂಸ್ಥೆ ಕಟ್ಟಲು ಹೊರಟವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: ನೀವೇ ಕಟ್ಟಿದ ಸಂಸ್ಥೆಯಲ್ಲಿ ನಾಳೆ ಇನ್ನೊಬ್ಬರು ಅಧ್ಯಕ್ಷರಾದರೆ ಬರೀ ಸದಸ್ಯರಾಗಿ ಕೂರುತ್ತೀರಾ? ಹೌದು ಅನ್ನುವವರಿಗೆ ಮುಂದಿನದೆಲ್ಲ ಸಲೀಸು.

ಈಗ ಮುಖ್ಯ ವಿಷಯ. ಜತ್ತಿಯವರು ಬಸವ ಸಮಿತಿಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದ್ದು 1964ರಲ್ಲಿ. ಆಗ ಅವರು ಇನ್ನೂ ರಾಜಕಾರಣದಲ್ಲೇ ಇದ್ದರು. ಅಲ್ಲಿಂದ ಮುಂದೆ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, 1974ರಿಂದ 1979ರ ತನಕ ಉಪರಾಷ್ಟ್ರಪತಿ. ಅಂದರೆ ಸಂಸ್ಥೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ಸ್ಥಾಪಕರು ಊರು ಬಿಟ್ಟು ದೂರದಲ್ಲಿದ್ದರು. ಆದರೂ ಸಮಿತಿ ನಡೆಯಿತು. ಬಸವೇಶ್ವರ ವೃತ್ತದ ಹತ್ತಿರ ಬಸವ ಭವನ ಎದ್ದಿತು, ಪತ್ರಿಕೆಗಳು ಬಂದವು, ವಚನಗಳು ಬೇರೆ ಭಾಷೆಗೆ ಹೋದವು. ಜತ್ತಿಯವರು ತೀರಿಕೊಂಡದ್ದು 2002ರ ಜೂನ್ 7ರಂದು. ಅದಾಗಿ ಹದಿನೈದು ವರ್ಷಕ್ಕೆ, 2017ರ ಬಸವ ಜಯಂತಿಯ ದಿನ, 23 ಭಾಷೆಗಳಿಗೆ ಅನುವಾದವಾದ ವಚನ ಸಂಪುಟಗಳು ದಿಲ್ಲಿಯಲ್ಲಿ ಬಿಡುಗಡೆಯಾದವು. ಆ ವಚನಗಳನ್ನು ಆರಿಸಿ ಸಂಪಾದಿಸಿದವರು ಎಂ.ಎಂ. ಕಲಬುರ್ಗಿಯವರು. ಬಿಡುಗಡೆಯ ಹೊತ್ತಿಗೆ ಅವರೂ ಇರಲಿಲ್ಲ. ಶುರು ಮಾಡಿದವರು ಇಲ್ಲ, ಸಂಪಾದಕರು ಇಲ್ಲ, ಕೆಲಸ ಮಾತ್ರ ಮುಗಿಯಿತು. ನೋಡಿ, ಸಂಸ್ಥೆ ಅಂದರೆ ಇದು.

ಹಾಗಾಗಿ ನನ್ನ ಮೊದಲ ಸಲಹೆ: ಅಧಿಕಾರ ಪೂರ್ತಿ ಹೋಗುವ ತನಕ ಕಾಯಬೇಡಿ. ಕೈಯಲ್ಲಿ ಇನ್ನೂ ಕೆಲಸ ಇರುವಾಗಲೇ ಶುರು ಮಾಡಿದರೆ, ನೀವಿಲ್ಲದೆ ನಡೆಯುವ ಅಭ್ಯಾಸ ಸಂಸ್ಥೆಗೆ ಮೊದಲಿನಿಂದಲೇ ಬರುತ್ತದೆ. ಎರಡನೆಯದು, ಕೆಲಸ ಒಂದೇ ಇರಲಿ. ಬಸವ ಸಮಿತಿ ಹಿಡಿದದ್ದು ಬಸವಾದಿ ಶರಣರ ವಿಚಾರ, ಮುಖ್ಯವಾಗಿ ವಚನ. ನಮ್ಮಲ್ಲಿಗೆ ಬರುವ ಕರಡುಗಳಲ್ಲಿ ದಾಸೋಹ, ಗೋಶಾಲೆ, ಕಣ್ಣಿನ ಆಸ್ಪತ್ರೆ, ಸಾಮೂಹಿಕ ವಿವಾಹ, ಪದವಿ ಕಾಲೇಜು, ವೃದ್ಧಾಶ್ರಮ ಎಲ್ಲ ಇರುತ್ತವೆ. ಪ್ರಣಾಳಿಕೆ ಬರೆದ ಕೈ ಅದು, ಸಹಜ. ಉದ್ದೇಶಗಳ ಪಟ್ಟಿ ಸ್ವಲ್ಪ ಅಗಲ ಇದ್ದರೆ ಕಾನೂನಿಗೆ ತೊಂದರೆ ಇಲ್ಲ. ಆದರೆ ಮೊದಲ ಐದು ವರ್ಷ ಏನು ಮಾಡುತ್ತೀರಿ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದು ಠರಾವು (ನಿರ್ಣಯ) ಪುಸ್ತಕದ ಮೊದಲ ಪುಟದಲ್ಲೇ ಹಾಕಿಕೊಳ್ಳಿ. "ಈ ಊರಿಗೆ ಕಾಲೇಜು ಓದಲು ಬರುವ ಬಡ ಹುಡುಗಿಯರಿಗೆ ಊಟ, ವಸತಿ." ಅಷ್ಟು ಸಾಕು.

ಟ್ರಸ್ಟೋ ಸಂಘವೋ ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಗುಡಿ, ಪೂಜೆ, ಗದ್ದುಗೆ ಮುಖ್ಯ ಅಂತಾದರೆ ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ವಾಡಿಕೆ. ಸಾಹಿತ್ಯ, ಶಿಕ್ಷಣ, ದಾನಧರ್ಮ, ಗ್ರಂಥಾಲಯ ಇಂಥ ಕೆಲಸಕ್ಕಾದರೆ ನಾನು ಸಂಘವನ್ನೇ ಮಾಡಿ ಅನ್ನುತ್ತೇನೆ. ಕಾರಣ ಸರಳ. ಟ್ರಸ್ಟಿನಲ್ಲಿ ಧರ್ಮದರ್ಶಿಗಳು ತಮ್ಮ ಮುಂದಿನವರನ್ನು ತಾವೇ ಆರಿಸಿಕೊಳ್ಳಬಹುದು. ಸಂಘದಲ್ಲಿ ವರ್ಷಕ್ಕೊಮ್ಮೆ ಎಲ್ಲ ಸದಸ್ಯರ ಮುಂದೆ ಲೆಕ್ಕ ಇಡಲೇಬೇಕು. ಮಹಾಸಭೆಯಲ್ಲಿ ಒಬ್ಬ ಮಾಸ್ತರು ಎದ್ದು ನಿಂತು "ಅಕ್ಕಿಗೆ ಇಷ್ಟ್ಯಾಕ ಖರ್ಚಾತು?" ಅಂತ ಕೇಳುವ ಹಕ್ಕು ಇದೆಯಲ್ಲ, ಆ ಹಕ್ಕೇ ಸಂಸ್ಥೆಯನ್ನು ಕಾಯುತ್ತದೆ. ಒಂದು ವಿಷಯ ಹೇಳಬೇಕು. ಇವತ್ತು ನಾವು ಸಂಘ ನೋಂದಣಿ ಮಾಡಿಸುವುದು 1960ರ ಕಾಯ್ದೆಯಡಿ. ಮೊದಲು ಅದರ ಹೆಸರು ಮೈಸೂರು ಸಂಘಗಳ ನೋಂದಣಿ ಕಾಯ್ದೆ ಅಂತಿತ್ತು. ಅದು ಬಂದದ್ದು ಜತ್ತಿಯವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲೇ.

ಆ ಕಾಯ್ದೆಯಲ್ಲಿ ಕನಿಷ್ಠ ಏಳು ಜನ ಬೇಕು. ಈ ಏಳು ಹೆಸರಿನಲ್ಲೇ ಸಂಸ್ಥೆಯ ಹಣೆಬರಹ ಇರುತ್ತದೆ. ಒಮ್ಮೆ ತಾಲೂಕು ಪಂಚಾಯಿತಿಯ ಮಾಜಿ ಅಧ್ಯಕ್ಷರೊಬ್ಬರು ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಕರಡು ತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ನೀಟಾಗಿ ಇಟ್ಟುಕೊಂಡಿದ್ದರು. ತೆಗೆದು ನೋಡಿದೆ. ಅಧ್ಯಕ್ಷರು ಅವರು, ಉಪಾಧ್ಯಕ್ಷರು ಹೆಂಡತಿ, ಕಾರ್ಯದರ್ಶಿ ದೊಡ್ಡ ಮಗ, ಖಜಾಂಚಿ ತಮ್ಮ. ಉಳಿದ ಮೂವರಲ್ಲಿ ಇಬ್ಬರು ಬೀಗರ ಮನೆಯವರು, ಒಬ್ಬ ಅವರ ಕಾರು ಓಡಿಸುವ ಹುಡುಗ. ಅಧ್ಯಕ್ಷರ ಅವಧಿ ಅನ್ನುವಲ್ಲಿ "ಆಜೀವ" ಅಂತ ಬರೆದಿತ್ತು.

"ಅಧ್ಯಕ್ಷರೇ, ಇದರಲ್ಲಿ ನಿಮಗ ಬ್ಯಾಡ ಅನ್ನೋರು ಯಾರದಾರ?" ಅಂತ ಕೇಳಿದೆ.

"ಬ್ಯಾಡ ಅನ್ನೋರು ಯಾಕ ಬೇಕ್ರೀ ರಾಯರ? ನಂಬಿಕಿ ಇರೋರ್ನ ಹಾಕೀನಿ."

"ನಂಬಿಕಿ ಇರ್ಲಿ. ದಾನ ಕೊಡೋರು ಈ ಪಟ್ಟಿ ನೋಡಿದ್ರ ಏನಂತಾರ?"

ಅವರು ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದರು. ಮುಂದಿನ ವಾರ ಬಂದಾಗ ಪಟ್ಟಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಇದ್ದರು, ಔಷಧ ಅಂಗಡಿಯವರು ಇದ್ದರು, ತಮ್ಮ ವಿರುದ್ಧ ಚುನಾವಣೆಗೆ ನಿಂತಿದ್ದವರ ಅಣ್ಣ ಕೂಡ ಇದ್ದರು. ಆ ವಿದ್ಯಾರ್ಥಿ ನಿಲಯ ಈಗಲೂ ಚೆನ್ನಾಗಿ ನಡೆಯುತ್ತಿದೆ.

ಬೈಲಾ ಬರೆಸುವಾಗ ಇಷ್ಟನ್ನು ಮರೆಯಬೇಡಿ. ಅಧ್ಯಕ್ಷರ ಅವಧಿ ಮೂರು ವರ್ಷ, ಎರಡು ಅವಧಿಗಿಂತ ಜಾಸ್ತಿ ಇಲ್ಲ ಅಂತ ಇರಲಿ. ಒಂದೇ ಮನೆಯಿಂದ ಕಾರ್ಯಕಾರಿ ಸಮಿತಿಗೆ ಇಬ್ಬರಿಗಿಂತ ಹೆಚ್ಚು ಬೇಡ. ಬ್ಯಾಂಕಿಗೆ ಮೂವರ ಸಹಿ ಕೊಟ್ಟು, ಅದರಲ್ಲಿ ಯಾರಾದರೂ ಇಬ್ಬರು ಸೇರಿ ಚೆಕ್ ಬರೆಯಬಹುದು ಅಂತ ಮಾಡಿ. ಖಜಾಂಚಿಯ ಸಹಿ ಮಾತ್ರ ಕಡ್ಡಾಯ ಇರಲಿ. ಮಹಾಸಭೆಗೆ 21 ದಿನ ಮುಂಚೆ ಲಿಖಿತ ನೋಟಿಸ್ ಹೋಗಲಿ. ಪಕ್ಷದ ಪದಾಧಿಕಾರಿ ಆದವರು, ಚುನಾವಣೆಗೆ ನಾಮಪತ್ರ ಸಲ್ಲಿಸಿದವರು ಸಂಸ್ಥೆಯ ಪದವಿ ಬಿಡಬೇಕು ಅನ್ನುವ ಕಲಮು ಹಾಕಿ. ಕಾನೂನು ಇದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಸಂಘ ಮುಚ್ಚಿದರೆ ಆಸ್ತಿ ಸದಸ್ಯರಿಗೆ ಹಂಚಿಕೆ ಆಗುವುದಿಲ್ಲ, ಅದೇ ಥರದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಇದನ್ನು ಮನೆಯವರಿಗೆ ಮೊದಲೇ ಕೂರಿಸಿಕೊಂಡು ಹೇಳಿ. ಹೊಲ ಬರೆದುಕೊಟ್ಟ ಮೇಲೆ ಮಕ್ಕಳು ವಾಪಸ್ ಕೇಳಿ ಕೋರ್ಟು ಹತ್ತಿದರೆ ಸಂಸ್ಥೆಗೂ ಕೇಡು, ಮನೆಗೂ ಕೇಡು.

ಠರಾವಿನ ಬಗ್ಗೆ ಒಂದು ಮಾತು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು, ಜುಲೈ ತನಕ ಇದ್ದರು. ಆ ನಡುವೆ ಬಂದ ಜನತಾ ಸರ್ಕಾರ ಕಾಂಗ್ರೆಸ್ ಆಳ್ವಿಕೆಯ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೇಶವೆಲ್ಲ ಅವರ ಮೇಜಿನ ಕಡೆ ನೋಡಿತು. ಏಪ್ರಿಲ್ 30ರಂದು ಸಹಿ ಹಾಕಿದರು. ತಡ ಮಾಡಿದ್ದು ಸರಿಯೇ ತಪ್ಪೇ ಅನ್ನುವ ವಾದ ಆಗ ಜೋರಾಗಿ ನಡೆಯಿತು. ನನಗೆ ಅನ್ನಿಸುವುದು ಇಷ್ಟು: ಅನುಮಾನ ಇದ್ದರೆ ನಿಲ್ಲಬೇಕು, ಆದರೆ ಕೊನೆಗೆ ಕುರ್ಚಿಯ ನಿಯಮಕ್ಕೆ ತಲೆಬಾಗಬೇಕು. ನಿಮ್ಮ ಸಮಿತಿಯಲ್ಲೂ ಹೀಗೇ ಆಗುತ್ತದೆ. ಬಹುಮತ ಒಂದು ಕಡೆ, ಸ್ಥಾಪಕರಾದ ನೀವು ಇನ್ನೊಂದು ಕಡೆ. ಆಗ ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಠರಾವಿಗೆ ಸಹಿ ಹಾಕಿ. ಪುಸ್ತಕವನ್ನೇ ಮನೆಗೆ ಒಯ್ದು ಬೀರುವಿನಲ್ಲಿ ಇಟ್ಟುಕೊಳ್ಳುವ ಸ್ಥಾಪಕರಿದ್ದಾರೆ. ಅಲ್ಲಿಂದ ಸಂಸ್ಥೆ ಕುಸಿಯಲು ಶುರು.

ದುಡ್ಡಿನ ವಿಷಯಕ್ಕೆ ಬರೋಣ. ರಾಜಕಾರಣದಲ್ಲಿ ಖರ್ಚು ಮೊದಲು, ಲೆಕ್ಕ ಆಮೇಲೆ. ಇಲ್ಲಿ ಪೂರ್ತಿ ತಿರುವುಮುರುವು. ಮೊದಲ ದಿನವೇ ಪಾವತಿ (ರಸೀದಿ) ಪುಸ್ತಕ ಅಚ್ಚು ಹಾಕಿಸಿ. ಪ್ರತಿ ಹಾಳೆಗೆ ಕ್ರಮಸಂಖ್ಯೆ ಇರಲಿ, ಕಾರ್ಬನ್ ಪ್ರತಿ ಪುಸ್ತಕದಲ್ಲೇ ಉಳಿಯಲಿ. ಯಾವ ಪುಸ್ತಕ ಯಾರ ಕೈಗೆ ಕೊಟ್ಟಿರಿ, ಯಾವಾಗ ವಾಪಸ್ ಬಂತು ಅನ್ನುವುದಕ್ಕೆ ಬೇರೆ ರಿಜಿಸ್ಟರ್ ಇಡಿ. ಜಾತ್ರೆ ಹೊತ್ತಿನಲ್ಲಿ ಹತ್ತು ಹುಡುಗರ ಕೈಗೆ ಹತ್ತು ಪುಸ್ತಕ ಕೊಡುತ್ತೀರಿ, ಒಂಬತ್ತು ವಾಪಸ್ ಬರುತ್ತವೆ. ಆ ಹತ್ತನೆಯದು ಎಲ್ಲಿ ಅಂತ ಅವತ್ತೇ ಹುಡುಕಬೇಕು. ತಪ್ಪು ಬರೆದ ಪಾವತಿಯನ್ನು ಹರಿದು ಎಸೆಯಬೇಡಿ. ಎರಡೂ ಪ್ರತಿ ಸೇರಿಸಿ ಪಿನ್ ಹೊಡೆದು "ರದ್ದು" ಅಂತ ಬರೆದು ಹಾಗೇ ಇಡಿ. ಆವತ್ತು ಬಂದ ನಗದನ್ನು ಮರುದಿನ ಬ್ಯಾಂಕಿಗೆ ಕಟ್ಟಿ. ಬಂದ ನಗದಿನಲ್ಲೇ ಅಡುಗೆಯವರ ಪಗಾರ ಕೊಟ್ಟು ಉಳಿದದ್ದನ್ನು ಕಟ್ಟುವ ರೂಢಿ ತುಂಬಾ ಕಡೆ ಇದೆ. ಬೇಡ. ಕೀರ್ದಿಯಲ್ಲಿ (ದಿನದ ಲೆಕ್ಕದ ಪುಸ್ತಕದಲ್ಲಿ) ಜಮಾ ಒಂದು ಸಾಲು, ಖರ್ಚು ಒಂದು ಸಾಲು, ಎರಡೂ ಕಾಣಬೇಕು.

ಆದಾಯ ತೆರಿಗೆ ಇಲಾಖೆಯಲ್ಲಿ ಎರಡು ನೋಂದಣಿ ಬೇಕು. ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಸಿಗುವುದಕ್ಕೆ ಒಂದು, ದಾನ ಕೊಟ್ಟವರಿಗೆ ವಿನಾಯಿತಿ ಸಿಗುವುದಕ್ಕೆ ಇನ್ನೊಂದು. ಎಲ್ಲರೂ ಇವನ್ನು 12ಎ, 80ಜಿ ಅಂತಲೇ ಕರೆಯುತ್ತಾರೆ. ಒಮ್ಮೆ ಮಾಡಿಸಿದರೆ ಮುಗಿಯಿತು ಅನ್ನುವ ಕಾಲ ಹೋಯಿತು, ಅವಧಿ ಮುಗಿಯುವ ಮುಂಚೆ ನವೀಕರಣ ಮಾಡಿಸಬೇಕು. ವರ್ಷದ ಆದಾಯದಲ್ಲಿ 85% ಅನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಚೆಕ್ ಅಥವಾ ಯುಪಿಐ ಕೇಳಿ, ಪ್ಯಾನ್ ನಂಬರ್ ಬರೆದುಕೊಳ್ಳಿ.

ಇಲ್ಲಿ ಧರ್ಮದ ಸಂಸ್ಥೆಗಳು ಎಡವುವ ಜಾಗ ಒಂದಿದೆ, ನಿಧಾನವಾಗಿ ಓದಿ. ಸಂಸ್ಥೆ ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯದ ಅಥವಾ ಜಾತಿಯ ಪ್ರಯೋಜನಕ್ಕೆ ಮಾತ್ರ ಅಂತಾದರೆ 80ಜಿ ಸಿಗುವುದಿಲ್ಲ. 80ಜಿ ಪಡೆದ ಸಂಸ್ಥೆ ವರ್ಷದ ಆದಾಯದಲ್ಲಿ 5%ಕ್ಕಿಂತ ಹೆಚ್ಚು ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿಲ್ಲ. ಹಾಗಾಗಿ "ನಮ್ಮ ಸಮಾಜದ ಮಕ್ಕಳಿಗೆ" ಅಂತ ಬೈಲಾದಲ್ಲಿ ಬರೆಯುವ ಮುಂಚೆ ಯೋಚಿಸಿ. ಇದು ಬರೀ ತೆರಿಗೆಯ ಮಾತಲ್ಲ. ದಾಸೋಹದ ಪಂಕ್ತಿಯಲ್ಲಿ ಕೂತವರ ಜಾತಿ ಕೇಳುವುದು ನಮ್ಮ ನೆಲದ ರೂಢಿ ಅಲ್ಲ. ಪೂಜೆ, ಉತ್ಸವ ನಿಮಗೆ ಮುಖ್ಯ ಅಂತಾದರೆ ಅದಕ್ಕೆ ಬೇರೆ ಟ್ರಸ್ಟ್, ಬೇರೆ ಖಾತೆ ಮಾಡಿ. ಊಟ, ಓದು, ಔಷಧದ ಕೆಲಸ ಸಂಘದಲ್ಲಿ ಇರಲಿ.

ವಿದೇಶದಲ್ಲಿರುವ ಊರಿನವರ ದುಡ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಹುಡುಗ ಇನ್ನೂ ಭಾರತದ ಪೌರನೇ ಆಗಿದ್ದು, ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಪಾಸ್‌ಪೋರ್ಟಿನ ಪ್ರತಿ ತರಿಸಿ ಇಟ್ಟುಕೊಳ್ಳಿ. ಆತ ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಶಾಸಕರು, ಅಭ್ಯರ್ಥಿಗಳು, ಪಕ್ಷದ ಪದಾಧಿಕಾರಿಗಳು ಇಂಥ ದೇಣಿಗೆ ಮುಟ್ಟುವಂತೆಯೇ ಇಲ್ಲ. ಹಳೆಯ ಪರಿಚಯದ ಮೇಲೆ ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಂಡು ಆಮೇಲೆ ಸಂಸ್ಥೆಗೆ ಕೊಡುತ್ತೇನೆ ಅನ್ನಬೇಡಿ.

ಕೊನೆಯದಾಗಿ, ರಾಜಕಾರಣವನ್ನು ಹೊಸ್ತಿಲಾಚೆ ನಿಲ್ಲಿಸುವುದು. ಎಲ್ಲಕ್ಕಿಂತ ಕಷ್ಟದ ಕೆಲಸ ಇದು. 1988ರಲ್ಲಿ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಗೆ ಕೇಂದ್ರದ ಒಂದು ಕಾಯ್ದೆ ಬಂತು. ತುಂಬಾ ಜನಕ್ಕೆ ಅದರ ಹೆಸರೂ ಗೊತ್ತಿಲ್ಲ. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಅದರ ದುಡ್ಡು, ಆಸ್ತಿ ಯಾವ ಪಕ್ಷದ ಉಪಯೋಗಕ್ಕೂ ಹೋಗುವಂತಿಲ್ಲ. ಉತ್ಸವ, ಮೆರವಣಿಗೆಗೂ ಇದೇ ನಿಯಮ. ತಪ್ಪಿದರೆ ಐದು ವರ್ಷದ ತನಕ ಜೈಲು. ಚುನಾವಣೆ ಹತ್ತಿರ ಬಂದಾಗ ನಿಮ್ಮ ಹಳೆಯ ಗೆಳೆಯರು ಬಂದೇ ಬರುತ್ತಾರೆ. "ಸುಮ್ನೆ ಒಂದು ಸಭೆ, ಊಟ ಅಷ್ಟೇ" ಅನ್ನುತ್ತಾರೆ. ಅವರಿಗೆ ನೀವು ಇಲ್ಲ ಅನ್ನುವುದು ಕಷ್ಟ, ಆದ್ದರಿಂದ ಉತ್ತರ ಮೊದಲೇ ಠರಾವಿನಲ್ಲಿ ಇರಲಿ: ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶ ಬರುವ ತನಕ ಸಭಾಭವನ ಯಾರಿಗೂ ಬಾಡಿಗೆಗಿಲ್ಲ, ಮದುವೆಗೆ ಮಾತ್ರ. ಆ ಠರಾವಿನ ಪ್ರತಿಯನ್ನು ಗೋಡೆಗೆ ಅಂಟಿಸಿ. ಬಂದವರಿಗೆ ಗೋಡೆ ತೋರಿಸಿದರೆ ಸಾಕು, ಸ್ನೇಹವೂ ಉಳಿಯುತ್ತದೆ.

ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಬಹುದಾ ಅಂತ ಕೇಳುತ್ತಾರೆ. ದಾನಿಗಳದ್ದು ಕೆತ್ತಿಸಿ. ನಿಮ್ಮದು ಸದಸ್ಯರ ಪಟ್ಟಿಯಲ್ಲಿ ಇದ್ದೇ ಇರುತ್ತದಲ್ಲ.

ಇಷ್ಟಾದ ಮೇಲೆ ಮಾಡಬೇಕಾದ್ದು ಮೊದಲ ಮಹಾಸಭೆ. ಅದಕ್ಕೆ ಮುಂಚೆ ಪರಿಶೋಧನೆ ಆದ ಜಮಾಖರ್ಚನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ. ಅಕ್ಕಿ, ಬೇಳೆ, ಗ್ಯಾಸ್, ಪಗಾರ, ಕರೆಂಟು ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ನೋಟಿಸಿನ ಜೊತೆಗೇ ಸದಸ್ಯರಿಗೆ ಕಳಿಸಿ, ಒಂದು ಪ್ರತಿಯನ್ನು ಊಟದ ಮನೆಯ ಬಾಗಿಲಿಗೆ ಅಂಟಿಸಿ. ಸಭೆಯಲ್ಲಿ ಲೆಕ್ಕವನ್ನು ಖಜಾಂಚಿ ಓದಲಿ, ನೀವು ಓದಬೇಡಿ. ಪ್ರಶ್ನೆ ಕೇಳಿದವರ ಹೆಸರು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಮೂರೂ ನಡಾವಳಿಯಲ್ಲಿ ಬರಲಿ. ಸಭೆ ಮುಗಿದ ವಾರದಲ್ಲೇ ಕಾರ್ಯಕಾರಿ ಸಮಿತಿಯ ಪಟ್ಟಿ ಮತ್ತು ಲೆಕ್ಕವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿ, ಸ್ವೀಕೃತಿ ಪಡೆದು ಫೈಲಿಗೆ ಹಾಕಿ. ನಾಲ್ಕೈದು ವರ್ಷ ಸಲ್ಲಿಸದೆ ಬಿಟ್ಟು ಆಮೇಲೆ ದಂಡ ಕಟ್ಟಿ ಓಡಾಡುವವರನ್ನು ತುಂಬಾ ನೋಡಿದ್ದೇನೆ. ಬರುವಾಗ ಬೈಲಾ ಕರಡು, ಏಳು ಜನರ ಆಧಾರ್, ಪ್ಯಾನ್ ಪ್ರತಿ, ಫೋಟೊ, ಮತ್ತು ಜಾಗದ ಮಾಲೀಕರ ಒಪ್ಪಿಗೆ ಪತ್ರ ತನ್ನಿ. ಉಳಿದದ್ದನ್ನು ಕೂತು ಬರೆಯೋಣ.